ಮೆಸ್ಸಿಯೇ ಪಟ್ಟಿ: "ಇವುಗಳ ಕಡೆ ನೋಡಬೇಡಿ" ಅಂತ ಮಾಡಿದ್ದು, ಎಲ್ಲರೂ ನೋಡುವುದು ಇವನ್ನೇ

ಟೆಲಿಸ್ಕೋಪ್ ತಗೊಂಡವರು ಚಂದ್ರನ ಕುಳಿ, ಗುರುವಿನ ನಾಲ್ಕು ಚಂದ್ರರು, ಶನಿಯ ಬಳೆ ಇಷ್ಟು ನೋಡಿ ಮುಗಿಸಿದ ಮೇಲೆ ಕೇಳುವ ಪ್ರಶ್ನೆ ಒಂದೇ. ಇನ್ನೇನು ನೋಡೋದು? ಯಾರನ್ನು ಕೇಳಿದರೂ ಸಿಗುವ ಉತ್ತರವೂ ಒಂದೇ, ಮೆಸ್ಸಿಯೇ ಪಟ್ಟಿ. ಎಂ 1ರಿಂದ ಎಂ 110ರವರೆಗೆ ನಂಬರು ಹಾಕಿದ, ಆಕಾಶದ ಮಬ್ಬು ಮಬ್ಬು ವಸ್ತುಗಳ ಪಟ್ಟಿ ಇದು. ಗೆಲಕ್ಸಿ, ನೀಹಾರಿಕೆ (ಅನಿಲ, ಧೂಳಿನ ಮೋಡ), ನಕ್ಷತ್ರಗುಚ್ಛ ಎಲ್ಲ ಕಲಸಿಕೊಂಡಿವೆ. ದುಡ್ಡು ಕೊಡಬೇಕಾಗಿಲ್ಲ, ಯಾವ ನಕ್ಷತ್ರ ನಕ್ಷೆಯಲ್ಲಾದರೂ ಇರುತ್ತದೆ.

ಇದರ ಬಗ್ಗೆ ಭಕ್ತಿಯಿಂದ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಇದನ್ನು ಬಳಸುವ ಸಾಮಾನು ಅಂತಲೇ ತೂಗಿ ನೋಡುತ್ತೇನೆ. ಕತ್ತಲಲ್ಲಿ ಆರು ಇಂಚಿನ ಕನ್ನಡಿಯ ಡಾಬ್ಸೋನಿಯನ್ ಟೆಲಿಸ್ಕೋಪ್ ಪಕ್ಕ ನಿಂತವನಿಗೆ ಇದು ಎಷ್ಟು ಕೆಲಸಕ್ಕೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ, ಅಷ್ಟೇ. ಮೊದಲೇ ಹೇಳಿಬಿಡುತ್ತೇನೆ, ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಟ್ಟಿ ಇಲ್ಲ. ಆದರೆ ನಂಬರಿನ ಪ್ರಕಾರ ನೋಡಲು ಹೊರಟರೆ ಇದಕ್ಕಿಂತ ತಲೆನೋವೂ ಇಲ್ಲ.

ಇದು ಹುಟ್ಟಿದ ರೀತಿ ಗೊತ್ತಿದ್ದರೆ ಇದರ ಗುಣವೂ ದೋಷವೂ ಅರ್ಧ ಅರ್ಥವಾಗುತ್ತದೆ. ಶಾರ್ಲ್ ಮೆಸ್ಸಿಯೇ ಹುಟ್ಟಿದ್ದು 1730ರಲ್ಲಿ, ಲೊರೇನ್ ಪ್ರಾಂತ್ಯದ ಬದೊನ್ವಿಲ್ಲೇ ಎಂಬ ಊರಲ್ಲಿ. 1751ರಲ್ಲಿ ಪ್ಯಾರಿಸ್‌ಗೆ ಬಂದು ನೌಕಾಪಡೆಯ ಖಗೋಳಜ್ಞ ದೆಲಿಲ್ ಹತ್ತಿರ ಕೆಲಸಕ್ಕೆ ಸೇರಿಕೊಂಡ. ನಕ್ಷೆ ಬಿಡಿಸುವುದು, ವೀಕ್ಷಣೆಯ ಲೆಕ್ಕ ನೀಟಾಗಿ ಬರೆದಿಡುವುದು, ಇಂಥ ಗುಮಾಸ್ತಿಕೆ. ಕ್ಲೂನಿ ಮಹಲಿನ ಗೋಪುರದ ತುದಿಯಲ್ಲಿ ಅವರದೊಂದು ಚಿಕ್ಕ ವೀಕ್ಷಣಾಲಯ ಇತ್ತು. ನಿಧಾನಕ್ಕೆ ಆತನಿಗೆ ಧೂಮಕೇತು ಹುಡುಕುವ ಹುಚ್ಚು ಹಿಡಿಯಿತು. ಸುಮ್ನೆ ಹುಚ್ಚಲ್ಲ, ದೊರೆ ಹದಿನೈದನೇ ಲೂಯಿ ಆತನನ್ನು ಧೂಮಕೇತು ಹಿಡಿಯುವ ಫೆರೆಟ್ ಅಂತ ಕರೆದ ಎನ್ನುವಷ್ಟು. ಫೆರೆಟ್ ಅಂದರೆ ಬಿಲದೊಳಗೆ ನುಗ್ಗಿ ಮೊಲ ಓಡಿಸುವ ಮುಂಗುಸಿಯಂಥ ಪ್ರಾಣಿ.

1758ರ ಆಗಸ್ಟ್ 28ರಂದು ಒಂದು ಧೂಮಕೇತುವಿನ ಹಿಂದೆ ಬಿದ್ದಿದ್ದಾಗ ವೃಷಭ ರಾಶಿಯಲ್ಲಿ, ಎತ್ತಿನ ದಕ್ಷಿಣದ ಕೊಂಬಿನ ತುದಿ ಹತ್ತಿರ, ಇನ್ನೊಂದು ಮಬ್ಬು ಮಚ್ಚೆ ಕಂಡಿತು. ಥೇಟ್ ಧೂಮಕೇತುವಿನ ಹಾಗೇ. ಆದರೆ ದಿನ ಕಳೆದರೂ ಜಾಗ ಬಿಟ್ಟು ಅಲುಗಲಿಲ್ಲ. ಧೂಮಕೇತು ಅಂದಮೇಲೆ ನಕ್ಷತ್ರಗಳ ನಡುವೆ ಸರಿಯಬೇಕು, ಇದು ಸರಿಯದು. ಇಂಥವು ಮತ್ತೆ ಮತ್ತೆ ಸಿಕ್ಕು ಕೆಲಸ ಕೆಡಿಸುತ್ತವೆ, ತಾನೂ ಬೇರೆಯವರೂ ಮೋಸ ಹೋಗದಿರಲಿ ಅಂತ ಪಟ್ಟಿ ಮಾಡಿದೆ ಎಂದು ಆತನೇ ಮುಂದೆ ಬರೆದಿದ್ದಾನೆ. ಆ ಮಚ್ಚೆಯೇ ಎಂ 1, ಏಡಿ ನೀಹಾರಿಕೆ. ಇಂಗ್ಲೆಂಡಿನ ಜಾನ್ ಬೆವಿಸ್ ಅದನ್ನು 1731ರಲ್ಲೇ ನೋಡಿದ್ದ, ಅದು ಬೇರೆ ಮಾತು.

ಅಂದರೆ ಇದು ಬೇಡದ ವಸ್ತುಗಳ ಪಟ್ಟಿ. ಇದರ ಅತಿ ದೊಡ್ಡ ಗುಣ ಇರುವುದೂ ಅಲ್ಲೇ. ಆತ ಬಳಸಿದ್ದು ನಾಲ್ಕು ಇಂಚಿನ ಆಸುಪಾಸಿನ ಮಸೂರದ ದೂರದರ್ಶಕಗಳನ್ನು. ದೊಡ್ಡ ಪ್ರತಿಫಲಕವೂ ಇತ್ತು, ಆದರೆ ಆಗಿನ ಲೋಹದ ಕನ್ನಡಿ ಬಿದ್ದ ಬೆಳಕಿನಲ್ಲಿ ಒಂದು ಪಾಲನ್ನು ತಾನೇ ನುಂಗಿಬಿಡುತ್ತಿತ್ತು. ಅಂಥದ್ದರಲ್ಲಿ ಧೂಮಕೇತು ಅಂತ ಭ್ರಮೆ ಹುಟ್ಟಿಸುವಷ್ಟು ಎದ್ದು ಕಂಡಿದ್ದು ಇವತ್ತಿನ ಸಾಧಾರಣ ಟೆಲಿಸ್ಕೋಪಿನಲ್ಲಿ ಕಾಣದೇ ಇರುತ್ತದಾ? ದೊಡ್ಡ ಯಂತ್ರ ಇಟ್ಟುಕೊಂಡು ಮಾಡಿದ ಪಟ್ಟಿಗಳಲ್ಲಿ ಈ ಭರವಸೆ ಇಲ್ಲ. ವಿಲಿಯಂ ಹರ್ಷೆಲ್ ಇದೇ ಪಟ್ಟಿ ನೋಡಿ ಹುರುಪು ಬಂದು, ಇದಕ್ಕಿಂತ ಎಷ್ಟೋ ದೊಡ್ಡ ಕನ್ನಡಿಯಲ್ಲಿ ಹುಡುಕಿ 1802ರ ಹೊತ್ತಿಗೆ 2500 ವಸ್ತು ಪಟ್ಟಿ ಮಾಡಿದ. ಅದರಲ್ಲಿ ಬಹಳಷ್ಟು ಚಿಕ್ಕ ಟೆಲಿಸ್ಕೋಪಿಗೆ ಕಾಣುವುದೇ ಇಲ್ಲ. ಮೆಸ್ಸಿಯೇಯ ಬಡ ಉಪಕರಣವೇ ಇಲ್ಲಿ ಜರಡಿ. ಕಷ್ಟದವೆಲ್ಲ ಆಗಲೇ ಸೋಸಿಹೋಗಿವೆ.

ಈಗ ದೂರು.

ಮೊದಲನೆಯದು ಕ್ರಮ. ಎಂ 1 ವೃಷಭದಲ್ಲಿ, ಎಂ 2 ಕುಂಭದಲ್ಲಿ, ಎಂ 4 ವೃಶ್ಚಿಕದಲ್ಲಿ. ಸಿಕ್ಕ ಹಾಗೆ ನಂಬರು ಕೊಟ್ಟಿದ್ದಾನೆ, ಅಷ್ಟೇ. 1764ರಲ್ಲಿ ಒಂದೇ ಹುರುಪಿನಲ್ಲಿ ಮೇಯಿಂದ ಅಕ್ಟೋಬರ್ ಒಳಗೆ ಎಂ 3ರಿಂದ ಎಂ 40ರವರೆಗೆ ಮುಗಿಸಿದ, ಹಾಗಾಗಿ ಆ ಭಾಗದಲ್ಲಿ ಮಾತ್ರ ಒಂದಿಷ್ಟು ನೆರೆಹೊರೆ ಕಾಣುತ್ತದೆ. ಎಂ 16, 17, 18 ಪಕ್ಕಪಕ್ಕದಲ್ಲಿವೆ, ಎಂ 20 ಮತ್ತು 21 ಕೂಡ. ಉಳಿದಂತೆ ನಂಬರಿಗೂ ಜಾಗಕ್ಕೂ ಸಂಬಂಧ ಇಲ್ಲ. ಮೊದಲ ಕಂತು 45ಕ್ಕೆ ಮುಗಿಯುತ್ತದೆ. ಅದರ ಕೊನೆಗೆ ಏನಿದೆ ನೋಡಿ. ಓರಿಯನ್ ನೀಹಾರಿಕೆ, ಕಟಕ ರಾಶಿಯ ಗುಚ್ಛ, ಕೃತ್ತಿಕೆ. ಕೃತ್ತಿಕೆಯನ್ನು ಧೂಮಕೇತು ಅಂತ ಯಾರು ತಾನೇ ತಪ್ಪು ತಿಳಿಯುತ್ತಾರೆ ಸ್ವಾಮಿ? ಲಕಾಯ್ ಎಂಬಾತ ದಕ್ಷಿಣದ ಆಕಾಶ ನೋಡಿ 42 ವಸ್ತುಗಳ ಪಟ್ಟಿ ಮಾಡಿದ್ದ, ಅದನ್ನು ಮೀರಿಸಬೇಕು ಅಂತ ಇವನ್ನು ತುರುಕಿದ ಎಂಬ ಊಹೆ ಇದೆ. ನನಗಂತೂ ಅದು ನಿಜ ಅನ್ನಿಸುತ್ತದೆ. 1769ರ ಮಾರ್ಚ್ 4ರ ಒಂದೇ ರಾತ್ರಿ 42ರಿಂದ 45ರವರೆಗೆ ಅಳತೆ ತೆಗೆದಿದ್ದಾನಲ್ಲ, ಕೋಟಾ ಭರ್ತಿ ಮಾಡಿದ ಹಾಗಿದೆ.

ಎರಡನೆಯದು, ಹೊಳಪಿನ ಲೆಕ್ಕ ಇಲ್ಲ. ಮೂಲ ಪಟ್ಟಿಯಲ್ಲಿ ಸ್ಥಾನ, ನೋಡಿದ ದಿನ, ಅಡ್ಡಳತೆ, ನಾಲ್ಕು ಸಾಲು ವಿವರಣೆ, ಇಷ್ಟೇ. ಈಗಿನ ಪುಸ್ತಕಗಳು ಕಾಂತಿಮಾನ (ಹೊಳಪಿನ ಅಂಕಿ, ಕಡಿಮೆ ಇದ್ದಷ್ಟೂ ಹೊಳಪು ಜಾಸ್ತಿ) ಸೇರಿಸಿ ಕೊಡುತ್ತವೆ ನಿಜ, ಆದರೆ ಅದು ಇನ್ನೂ ಜಾಸ್ತಿ ಮೋಸ. ಎಂ 33 ಗೆಲಕ್ಸಿಗೆ 5.7 ಅಂತ ಬರೆದಿರುತ್ತಾರೆ, ಓದಿದವರು ಆಹಾ ಸುಲಭ ಅಂದುಕೊಳ್ಳುತ್ತಾರೆ. ಆ ಬೆಳಕೆಲ್ಲ ಪೂರ್ಣಚಂದ್ರನಿಗಿಂತ ದೊಡ್ಡ ಜಾಗದಲ್ಲಿ ಹರಡಿಕೊಂಡಿದೆ. ಊರ ಬೆಳಕು ಸ್ವಲ್ಪ ಇದ್ದರೂ ಮುಗೀತು, ಅದರ ಮೇಲೇ ಟೆಲಿಸ್ಕೋಪ್ ಹಾದುಹೋದರೂ ಗೊತ್ತಾಗುವುದಿಲ್ಲ. ಎಂ 101, ಎಂ 74 ಕೂಡ ಇದೇ ಜಾತಿ. ಇನ್ನೊಂದು ಕಡೆ ಎಂ 57ಕ್ಕೆ 8.8 ಅಂತ ಇರುತ್ತದೆ, ಆದರೆ ಚಿಕ್ಕ ಜಾಗದಲ್ಲಿ ಬೆಳಕು ಒತ್ತಿಕೊಂಡಿರುವುದರಿಂದ ಊರೊಳಗಿಂದಲೂ ಸಿಗುತ್ತದೆ. ಹೊಸಬರಿಗೆ ಯಾರಾದರೂ ಹೇಳಬೇಕಾದ ಮೊದಲ ಮಾತು ಇದು, ಕಾಂತಿಮಾನದ ಪಕ್ಕ ಗಾತ್ರ ನೋಡಿ.

ಮೂಲ ಪಟ್ಟಿಯ ನಿರ್ದೇಶಾಂಕಗಳನ್ನು ನೇರ ಬಳಸುವ ಆಸೆಯೂ ಬೇಡ. ಭೂಮಿಯ ಅಕ್ಷ ಬುಗುರಿಯಂತೆ ತೂಗುವುದರಿಂದ 1780ರಿಂದ ಈಚೆಗೆ ಲೆಕ್ಕದ ಜಾಲ ಮೂರು ಡಿಗ್ರಿಗೂ ಜಾಸ್ತಿ ಸರಿದಿದೆ. ಆ ಅಂಕಿ ಹಾಕಿಕೊಂಡು ಹುಡುಕಿದರೆ ಸಿಗುವುದು ಖಾಲಿ ಆಕಾಶ.

ಇನ್ನು ನಿಜವಾಗಿ ಕಣ್ಣಿಟ್ಟಾಗ ಹೇಗಿರುತ್ತವೆ? ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಫೋಟೋ ನೋಡಿ ಬಂದವರು ಬೇಸರಪಡುವುದು ಇಲ್ಲೇ.

ಎಂ 13 ನನ್ನ ಮಟ್ಟಿಗೆ ಇಡೀ ಪಟ್ಟಿಯ ಅತ್ಯುತ್ತಮ ಪಾಠ. ಕಡಿಮೆ ವರ್ಧನೆಯಲ್ಲಿ ನೋಡಿದರೆ ಹತ್ತಿಯ ಉಂಡೆಯಂತೆ ಒಂದು ಬಿಳಿ ಮಬ್ಬು, ಅಷ್ಟೇ. ಮೆಸ್ಸಿಯೇಗೂ ಕಂಡಿದ್ದು ಅಷ್ಟೇ, 1764ರ ಜೂನ್‌ನಲ್ಲಿ ನೋಡಿ ಇದರಲ್ಲಿ ನಕ್ಷತ್ರವೇ ಇಲ್ಲ ಅಂತ ಖಚಿತವಾಗಿ ಬರೆದುಬಿಟ್ಟ. ಈಗ ಐಪೀಸ್ (ಕಣ್ಣಿಡುವ ಮಸೂರ) ಬದಲಿಸಿ 150 ಪಟ್ಟು ಮಾಡಿ. ಕಣ್ಣು ನೇರ ನೆಡದೆ ಸ್ವಲ್ಪ ಪಕ್ಕಕ್ಕೆ ನೋಡಿ. ಮೊದಲು ಅಂಚಿನಲ್ಲಿ ಒಂದೆರಡು ಚುಕ್ಕಿ ಮಿನುಗುತ್ತವೆ, ಆಮೇಲೆ ಹತ್ತಾರು, ಗಾಳಿ ಒಂದು ಕ್ಷಣ ನಿಂತಾಗ ಇಡೀ ಉಂಡೆ ಪುಡಿಪುಡಿಯಾಗಿ ಒಡೆದ ಹಾಗೆ ಕಂಡು ಮತ್ತೆ ಮಬ್ಬಾಗುತ್ತದೆ. ಲಕ್ಷಗಟ್ಟಲೆ ನಕ್ಷತ್ರ ಇರುವ ಗೋಳಗುಚ್ಛ ಅದು, 20 ಸಾವಿರ ಜ್ಯೋತಿರ್ವರ್ಷಕ್ಕೂ ದೂರ. ಆತ ಇಲ್ಲ ಅಂದಿದ್ದು ನಮಗೆ ಕಾಣುತ್ತದಲ್ಲ, ಆ ಖುಷಿ ಬೇರೆ.

ಎಂ 57 ಉಂಗುರ ನೀಹಾರಿಕೆ. 40 ಪಟ್ಟಿನಲ್ಲಿ ಫೋಕಸ್ ತಪ್ಪಿದ ನಕ್ಷತ್ರ ಅನ್ನಿಸಿ ಮುಂದೆ ಹೋಗಿಬಿಡುವ ಸಾಧ್ಯತೆ ಜಾಸ್ತಿ. 100 ದಾಟಿಸಿ. ನಡುವೆ ತೂತು ತಾನಾಗಿ ಕಾಣುತ್ತದೆ. ಬಣ್ಣ ಕೇಳಬೇಡಿ, ಬೂದಿ ಬಣ್ಣದ ಉಂಗುರ. ನಡುವಿನ ನಕ್ಷತ್ರ ನನ್ನ ಆರು ಇಂಚಿಗೆ ಕಾಣುವುದಿಲ್ಲ, ಅದಕ್ಕೆ ದೊಡ್ಡ ಕನ್ನಡಿ ಬೇಕು. ಆದರೂ ಪಟ್ಟಿಯಲ್ಲಿ ಯಾರಿಗಾದರೂ ತೋರಿಸಿದರೆ "ಓ" ಅನ್ನಿಸುವ ಕೆಲವೇ ವಸ್ತುಗಳಲ್ಲಿ ಇದೊಂದು.

ಎಂ 51 ಎಂಬ ಸುರುಳಿ ಗೆಲಕ್ಸಿ ಬಗ್ಗೆ ಎಚ್ಚರ. ಸುರುಳಿ ತೋಳು ಫೋಟೋದಲ್ಲಿ ಎಷ್ಟು ಚೆನ್ನಾಗಿ ಕಾಣುತ್ತದೋ ಕಣ್ಣಿಗೆ ಅಷ್ಟೇ ಕಾಡಿಸುತ್ತದೆ. ಸಾಮಾನ್ಯ ಆಕಾಶದಲ್ಲಿ ಎರಡು ಮಬ್ಬು ಮಚ್ಚೆ, ಒಂದಕ್ಕೊಂದು ತಾಗಿಕೊಂಡ ಹಾಗೆ. ಮೆಸ್ಸಿಯೇ 1773ರಲ್ಲಿ ನೋಡಿದಾಗ ಒಂದೇ ಅಂದುಕೊಂಡ, 1781ರಲ್ಲಿ ಆತನ ಜೊತೆಗಾರ ಪಿಯೇರ್ ಮೆಶೇನ್ ಎರಡು ಅಂತ ಗುರುತಿಸಿದ. ಸುರುಳಿ ಮೊದಲು ಕಂಡಿದ್ದು 1845ರಲ್ಲಿ, ಐರ್ಲೆಂಡಿನ ಲಾರ್ಡ್ ರಾಸ್‌ಗೆ, ಅದೂ 72 ಇಂಚಿನ ಕನ್ನಡಿಯಲ್ಲಿ. ಹಾಗಾಗಿ ಕಾಣಲಿಲ್ಲ ಅಂತ ಟೆಲಿಸ್ಕೋಪ್ ಬೈಯಬೇಡಿ.

ಎಂ 1 ಅಂತೂ ಹೊಸಬರಿಗೆ ಕೆಟ್ಟ ಆರಂಭ. ಕ್ರಿ.ಶ. 1054ರಲ್ಲಿ ಸಿಡಿದು ಹಗಲಲ್ಲೂ ಕಂಡಿತು ಅಂತ ಚೀನಾದವರು ಬರೆದಿಟ್ಟ ನಕ್ಷತ್ರದ ಅವಶೇಷ, ಒಳಗೆ ಸೆಕೆಂಡಿಗೆ 30 ಸುತ್ತು ತಿರುಗುವ, ಪಲ್ಸಾರ್ ಎಂಬ ಪುಟ್ಟ ದಟ್ಟ ನಕ್ಷತ್ರ. ಕತೆ ಭರ್ಜರಿ, ಕಾಣುವುದು ಮಾತ್ರ ಒರೆಸಿಟ್ಟ ಬೆರಳಚ್ಚಿನಷ್ಟೂ ಗಟ್ಟಿ ಇಲ್ಲ. ಮೊದಲ ನಂಬರು ಅಂತ ಮೊದಲು ಅದನ್ನೇ ಹುಡುಕಿ, ನಿರಾಸೆಯಾಗಿ, ಹವ್ಯಾಸವನ್ನೇ ಬಿಟ್ಟವರು ಇದ್ದಾರೆ.

ಓರಿಯನ್ ನೀಹಾರಿಕೆ ಎಂ 42 ಬಗ್ಗೆ ಹೇಳುವುದೇ ಬೇಡ. ಅದು ಯಾವತ್ತೂ ಮೋಸ ಮಾಡುವುದಿಲ್ಲ.

ಕನ್ಯಾ ರಾಶಿಯದ್ದು ಬೇರೆಯೇ ಲೋಕ. 1781ರ ಮಾರ್ಚ್ 18ರ ಒಂದೇ ರಾತ್ರಿ ಮೆಸ್ಸಿಯೇ ಎಂ 84ರಿಂದ ಎಂ 91ರವರೆಗೆ ಎಂಟು ಮಬ್ಬು ದಾಖಲಿಸಿದ, ಅದೇ ರಾತ್ರಿ ಹರ್ಕ್ಯುಲಿಸ್ ಪುಂಜದ ಎಂ 92 ಕೂಡ. ಅಷ್ಟಕ್ಕೇ ಬಿಡಲಿಲ್ಲ, ಈ ರಾಶಿಯಲ್ಲಿ ಇಂಥವು ವಿಪರೀತ ಇವೆ, ತನ್ನ ಪಟ್ಟಿಯಲ್ಲೇ 13 ಇವೆ ಅಂತ ಎಂ 91ರ ಕೆಳಗೆ ಟಿಪ್ಪಣಿ ಹಾಕಿದ. ಗೆಲಕ್ಸಿ ಅಂದರೇನು ಅಂತ ಜಗತ್ತಿಗೆ ಗೊತ್ತಿಲ್ಲದ ಕಾಲದಲ್ಲಿ ಗೆಲಕ್ಸಿಗಳ ದೊಡ್ಡ ಗುಂಪೊಂದನ್ನು ಗುರುತಿಸಿದ ಹಾಗಾಯಿತು. ಅದರಲ್ಲಿ ಒಂದು ಎಂ 87. 2019ರಲ್ಲಿ ಮೊದಲ ಬಾರಿಗೆ ಕಪ್ಪುಕುಳಿಯ ಚಿತ್ರ ಬಂತಲ್ಲ, ಅದು ಇದರ ಹೊಟ್ಟೆಯೊಳಗಿನದು. ನೋಡಲು ಏನೂ ಇಲ್ಲ, ಒಂದು ದುಂಡನೆಯ ಮಬ್ಬು. ಆದರೆ ಐದೂವರೆ ಕೋಟಿ ಜ್ಯೋತಿರ್ವರ್ಷ ದೂರದ ಬೆಳಕು ನೇರ ನಿಮ್ಮ ಕಣ್ಣಿಗೆ ಬೀಳುತ್ತಿದೆ ಅಂತ ಗೊತ್ತಿದ್ದು ನೋಡುವುದು ಬೇರೆ. ಎಂ 84, 86 ಎರಡೂ ಒಂದೇ ಐಪೀಸಿನಲ್ಲಿ ಸಿಗುತ್ತವೆ, ಅಲ್ಲಿಂದ ಮೆಲ್ಲಗೆ ಜಾರಿಸುತ್ತಾ ಹೋಗಿ. ದಾರಿ ತಪ್ಪುತ್ತೀರಿ, ಎಲ್ಲರೂ ತಪ್ಪುತ್ತಾರೆ.

ಪಟ್ಟಿಯಲ್ಲಿ ಡಿಫೆಕ್ಟಿವ್ ಪೀಸುಗಳೂ ಇವೆ. ನನಗೆ ಇವೇ ಇಷ್ಟ. ಎಂ 40 ನೀಹಾರಿಕೆಯೂ ಅಲ್ಲ, ಗುಚ್ಛವೂ ಅಲ್ಲ, ಸಪ್ತರ್ಷಿ ಮಂಡಲದಲ್ಲಿರುವ ಎರಡು ಸಾದಾ ನಕ್ಷತ್ರ. ಹಿಂದಿನ ಕಾಲದ ಖಗೋಳಜ್ಞ ಹೆವೇಲಿಯಸ್ ಹೇಳಿದ ಜಾಗದಲ್ಲಿ ಮೆಸ್ಸಿಯೇ ನೀಹಾರಿಕೆ ಹುಡುಕಿದ, ಸಿಗಲಿಲ್ಲ, ಎರಡು ನಕ್ಷತ್ರ ಸಿಕ್ಕವು, ಇವನ್ನೇ ನೋಡಿ ಹೆವೇಲಿಯಸ್ ಮೋಸ ಹೋಗಿರಬೇಕು ಅಂತ ಬರೆದು ಆದರೂ ನಂಬರು ಕೊಟ್ಟ! ಅವೆರಡೂ ಒಂದಕ್ಕೊಂದು ಸಂಬಂಧ ಇಲ್ಲದ, ಬೇರೆ ಬೇರೆ ದೂರದ ನಕ್ಷತ್ರಗಳು. ಎಂ 73 ಇನ್ನೂ ತಮಾಷೆ, ನಾಲ್ಕು ನಕ್ಷತ್ರ ಆಕಸ್ಮಿಕವಾಗಿ ಗುಂಪಾಗಿ ಕಂಡಿದ್ದು. ಎಂ 47ಕ್ಕೆ ಕೊಟ್ಟ ಜಾಗದಲ್ಲಿ ಏನೂ ಇಲ್ಲ, ಕೂಡುವ ಕಡೆ ಕಳೆದ ಲೆಕ್ಕ. ಎಂ 48 ಐದು ಡಿಗ್ರಿ ಆಚೀಚೆ. ಎಂ 91 ಅಂತೂ 1969ರವರೆಗೆ ಕಾಣೆಯಾಗಿತ್ತು. ಅಳತೆ ಹಿಡಿದಿದ್ದು ಎಂ 58ರಿಂದ, ಬರೆದಿದ್ದು ಎಂ 89ರಿಂದ ಅಂತ. ಟೆಕ್ಸಾಸಿನ ಒಬ್ಬ ಹವ್ಯಾಸಿ ಇದನ್ನು ಹಿಡಿದು, ಲೆಕ್ಕ ಎಂ 58ರಿಂದ ಹಾಕಿ ನೋಡಿದರೆ ಸರಿಯಾಗಿ ಎನ್‌ಜಿಸಿ 4548 (ಎನ್‌ಜಿಸಿ ಎಂಬ ಇನ್ನೊಂದು ದೊಡ್ಡ ಪಟ್ಟಿಯ ನಂಬರು) ಎಂಬ ಗೆಲಕ್ಸಿ ಮೇಲೆ ಬಂದು ನಿಂತಿತು. ಎಂ 102ರ ಜಗಳ ಇನ್ನೂ ಮುಗಿದಿಲ್ಲ. ಅದು ಎಂ 101ನ್ನೇ ಎರಡು ಸಲ ಬರೆದ ತಪ್ಪು ಅಂತ ಮೆಶೇನ್ 1783ರಲ್ಲಿ ಪತ್ರ ಬರೆದು ಒಪ್ಪಿಕೊಂಡ. ಆದರೂ ಎನ್‌ಜಿಸಿ 5866 ಎಂಬ ಗೆಲಕ್ಸಿಗೆ ಆ ನಂಬರು ಕಟ್ಟುವವರು ಈಗಲೂ ಇದ್ದಾರೆ. ನಾನು ಎರಡನ್ನೂ ನೋಡಿ ಟಿಕ್ ಹಾಕಿ ಎನ್ನುವವನು. ಎನ್‌ಜಿಸಿ 5866 ಹೇಗೂ ಚೆನ್ನಾಗಿದೆ.

ಇವನ್ನೆಲ್ಲ ಯಾಕೆ ತಿದ್ದಲಿಲ್ಲ ಅಂದರೆ, 1781ರ ನವೆಂಬರ್‌ನಲ್ಲಿ ಆತ ಮಂಜುಗಡ್ಡೆ ಕೂಡಿಡುವ ನೆಲಮಾಳಿಗೆಯೊಳಗೆ ಬಿದ್ದು ತೋಳು, ತೊಡೆ, ಪಕ್ಕೆಲುಬು ಎಲ್ಲ ಮುರಿದುಕೊಂಡ. ಅದೇ ವರ್ಷ 103 ವಸ್ತುಗಳ ಕೊನೆಯ ಪಟ್ಟಿ ಅಚ್ಚಾಗಿತ್ತು. ಆಮೇಲೆ ಚೇತರಿಸಿಕೊಂಡು ಧೂಮಕೇತುವಿಗೆ ಮರಳಿದ, ಪಟ್ಟಿ ಅಲ್ಲಿಗೇ ನಿಂತಿತು. 104ರಿಂದ 110 ಇಪ್ಪತ್ತನೇ ಶತಮಾನದ ಖಗೋಳಜ್ಞರು ಸೇರಿಸಿದ್ದು. ಮೆಸ್ಸಿಯೇ ತನ್ನ ಸ್ವಂತ ಪ್ರತಿಯಲ್ಲಿ ಕೈಯಲ್ಲಿ ಗೀಚಿಕೊಂಡಿದ್ದ ಎಂ 104ನ್ನು ಫ್ಲಾಮರಿಯೋಂ 1921ರಲ್ಲಿ ಎತ್ತಿಕೊಂಡ, 105ರಿಂದ 107 ಹೆಲೆನ್ ಸಾಯರ್ ಹಾಗ್ 1947ರಲ್ಲಿ ಸೇರಿಸಿದರು. ಸೇರಿಸಿದ್ದು ಒಳ್ಳೆಯದೇ ಆಯಿತು, ಸೊಂಬ್ರೆರೋ ಟೋಪಿಯಂಥ ಎಂ 104 ಇಲ್ಲದ ಪಟ್ಟಿ ಯಾರಿಗೆ ಬೇಕು?

ಇಲ್ಲದ್ದರ ಲೆಕ್ಕವೂ ಇದೆ. ಪ್ಯಾರಿಸ್ ಇರುವುದು ಉತ್ತರ ಅಕ್ಷಾಂಶ 49ರ ಹತ್ತಿರ. ಅಲ್ಲಿ ಏಳದ ಯಾವುದೂ ಪಟ್ಟಿಯಲ್ಲಿಲ್ಲ. ಇರುವುದರಲ್ಲಿ ತೀರಾ ದಕ್ಷಿಣದ್ದು ಎಂ 7, ಅದೂ ಅಲ್ಲಿ ದಿಗಂತಕ್ಕೆ ಅಂಟಿಕೊಂಡಿರುತ್ತದೆ. ಹಾಗಾಗಿ ನಮ್ಮ ಹಾಲುಹಾದಿಯ ಗೋಳಗುಚ್ಛಗಳಲ್ಲೇ ದೊಡ್ಡದಾದ ಒಮೆಗಾ ಸೆಂಟಾರಿ ಇಲ್ಲ, 47 ಟುಕಾನೇ ಎಂಬ ಇನ್ನೊಂದು ಗೋಳಗುಚ್ಛ ಇಲ್ಲ, ಮೆಜೆಲ್ಲಾನ್ ಮೋಡಗಳೆಂಬ ಗೆಲಕ್ಸಿಗಳಿಲ್ಲ, ಕರೀನಾ ನೀಹಾರಿಕೆ ಇಲ್ಲ. ಭೂಮಧ್ಯರೇಖೆಗೆ ಹತ್ತಿರ ಅಥವಾ ಅದರ ಕೆಳಗೆ ಇರುವವರು ಈ ಪಟ್ಟಿಯೊಂದನ್ನೇ ನಂಬಿದರೆ ತಮ್ಮ ಆಕಾಶದ ಅತ್ಯುತ್ತಮ ವಸ್ತುಗಳನ್ನೇ ಬಿಟ್ಟುಬಿಡುತ್ತಾರೆ. ಅದು ಬಿಡಿ, ಪ್ಯಾರಿಸ್‌ನಲ್ಲಿ ಏಳುವುದಿಲ್ಲ ಅಂತ ಕಾರಣ ಹೇಳಬಹುದು. ಪರ್ಸಿಯಸ್ ಪುಂಜದ ಜೋಡಿಗುಚ್ಛ ಯಾಕಿಲ್ಲ? ಬರಿಗಣ್ಣಿಗೆ ಕಾಣುತ್ತದೆ, ಪ್ಯಾರಿಸ್‌ನಿಂದಲೂ ನೆತ್ತಿಯ ಮೇಲೇ ಬರುತ್ತದೆ. ಧೂಮಕೇತು ಅನ್ನಿಸುವುದಿಲ್ಲ ಅಂತ ಬಿಟ್ಟ ಅಂದರೆ, ಕೃತ್ತಿಕೆಯನ್ನು ಯಾಕೆ ಹಾಕಿದ?

ಪರ್ಯಾಯ ಬೇಕಾದವರಿಗೆ ಪ್ಯಾಟ್ರಿಕ್ ಮೂರ್ 1995ರಲ್ಲಿ ಮಾಡಿದ ಕಾಲ್ಡ್‌ವೆಲ್ ಪಟ್ಟಿ ಇದೆ, 109 ವಸ್ತು, ಉತ್ತರದಿಂದ ದಕ್ಷಿಣಕ್ಕೆ ಕ್ರಮವಾಗಿ ಜೋಡಿಸಿದ್ದು. ಮೇಲೆ ಹೇಳಿದವುಗಳಲ್ಲಿ ಮೆಜೆಲ್ಲಾನ್ ಮೋಡ ಬಿಟ್ಟು ಉಳಿದದ್ದೆಲ್ಲ ಅದರಲ್ಲಿವೆ. ಜೋಡಣೆ ಮೆಸ್ಸಿಯೇಗಿಂತ ಎಷ್ಟೋ ಅಚ್ಚುಕಟ್ಟು, ಆದರೆ ನಡುನಡುವೆ ಚಿಕ್ಕ ಟೆಲಿಸ್ಕೋಪಿಗೆ ಬಗ್ಗದ ಮಬ್ಬುಗಳೂ ಸೇರಿವೆ. ಹರ್ಷೆಲ್ ಪಟ್ಟಿಯಿಂದ ಆಯ್ದ 400 ವಸ್ತುಗಳ ಹರ್ಷೆಲ್ 400 ಮುಂದಿನ ಮೆಟ್ಟಿಲು. 7840 ನಮೂದಿನ ಎನ್‌ಜಿಸಿ ನೋಡಲು ಅಲ್ಲ, ಹುಡುಕಿ ತೆಗೆಯಲು.

ಮಾರ್ಚ್ ಕೊನೆಯ ಅಮಾವಾಸ್ಯೆ ಹೊತ್ತಿಗೆ ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ನೋಡಿ ಮುಗಿಸುವ ಮ್ಯಾರಥಾನ್ ಒಂದಿದೆ. ಸಂಜೆ ಬೆಳಕಲ್ಲಿ ಎಂ 74 ಹುಡುಕಾಟದಿಂದ ಶುರು, ಬೆಳಗಿನ ಜಾವ ಎಂ 30ಕ್ಕೆ ಮುಗಿತಾಯ. ಗೆಳೆಯರ ಜೊತೆ ಮಜಾ ಇರುತ್ತದೆ, ಆಕಾಶದ ದಾರಿಯೂ ಬಾಯಿಪಾಠ ಆಗುತ್ತದೆ. ಆದರೆ ಒಂದೊಂದಕ್ಕೂ ಸಿಗುವುದು ಕೆಲವೇ ನಿಮಿಷ. ಎಂ 13ರಂಥದ್ದನ್ನು ಅಷ್ಟರಲ್ಲಿ ನೋಡಿದೆ ಅನ್ನುವುದು ನೋಡಿದ ಲೆಕ್ಕವೇ ಅಲ್ಲ, ನನ್ನ ಪ್ರಕಾರ.

ಶುರು ಮಾಡುವವರು ನಂಬರು ಮರೆತು ತಿಂಗಳ ಪ್ರಕಾರ ಜೋಡಿಸಿದ ನಕ್ಷೆ ಹುಡುಕಿಕೊಳ್ಳಿ. ಡಿಸೆಂಬರ್, ಜನವರಿಯಲ್ಲಾದರೆ 42, 45, 31. ಏಪ್ರಿಲ್‌ನಲ್ಲಿ 44, 3, ಧೈರ್ಯ ಇದ್ದರೆ ಕನ್ಯಾ ರಾಶಿ. ಜುಲೈ, ಆಗಸ್ಟ್‌ನಲ್ಲಿ 13, 57, ಧನು ರಾಶಿಯ 8, 22. ಎಂ 24ಕ್ಕೆ ಟೆಲಿಸ್ಕೋಪ್ ಬೇಡ, ಅದು ಗುಚ್ಛ ಅಲ್ಲ, ಹಾಲುಹಾದಿಯದೇ ಒಂದು ದಟ್ಟ ತುಣುಕು, ಸಾದಾ 10x50 ಬೈನಾಕ್ಯುಲರ್‌ನಲ್ಲೇ ಚೆಂದ. ಎಂ 1 ಮತ್ತು ಎಂ 74 ಕೊನೆಗಿಟ್ಟುಕೊಳ್ಳಿ. ಎಂ 40 ಯಾವತ್ತು ನೋಡಿದರೂ ನಡೆಯುತ್ತದೆ.